ಗುಂಡನನ್ನು ರೇಷ್ಮೆ ತೋಟಕ್ಕೆ ದಾಟಿಸಿದ್ದು: ನನ್ನ ಅನುಭವ

ಬೆಳೆದ ನಾಯಿ ಹೊಸ ಮನೆಗೆ ಹೊಂದಿಕೊಳ್ಳೋದಿಲ್ಲ ಅಂತ ಹೇಳದವರೇ ಇಲ್ಲ. ನಮ್ಮ ಮಾವ ಹೇಳಿದರು. ಅಂಗಡಿ ಪಕ್ಕದ ವೆಲ್ಡಿಂಗ್ ಅಣ್ಣ ಹೇಳಿದರು. ಮೂವತ್ತು ವರ್ಷದಿಂದ ನಾಯಿ ಸಾಕಿರುವ ಗೆಳೆಯನೂ ಅದನ್ನೇ ಹೇಳಿದ: ‘ಮೂರು ದಿನ ಊಟ ಬಿಡುತ್ತೆ, ನಾಲ್ಕನೇ ದಿನ ಹಗ್ಗ ಕಡ್ಕೊಂಡು ಓಡುತ್ತೆ, ಐದನೇ ದಿನ ಲಾರಿಗೆ ಸಿಗುತ್ತೆ.’ ನಮ್ಮ ನಾಯಿ ಗುಂಡ ಈಗ ಎಂಟು ತಿಂಗಳಿಂದ ಶಿಡ್ಲಘಟ್ಟದ ಆಚೆ ಒಂದು ರೇಷ್ಮೆ ತೋಟದಲ್ಲಿದ್ದಾನೆ. ಹೋದ ಮೇಲೆ ಎರಡು ಕೆ.ಜಿ. ತೂಕ ಜಾಸ್ತಿ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಲಸಿಕೆ ಕಾರ್ಡು, ಜಂತಿನ ಮಾತ್ರೆ, ಉಣ್ಣಿಗೆ ಬೆನ್ನ ಮೇಲೆ ಬಿಡುವ ಹನಿ, ಇದೆಲ್ಲ ನಾಯಿ ಸಾಕಿದವರಿಗೆ ಗೊತ್ತಿರುವುದೇ. ಅದಕ್ಕೆ ಕೈ ಹಾಕುವುದಿಲ್ಲ.

ನನ್ನದು ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ. ಮನೆ ಬಾಡಿಗೆಯದು. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಅಷ್ಟೇ. ಕಾಂಪೌಂಡ್ ಇಲ್ಲ. ಗುಂಡ ಲ್ಯಾಬ್ರಡಾರ್ ಮತ್ತು ನಾಟಿ ಬೆರಕೆ, ಆಗ ಆರು ವರ್ಷ, 27-28 ಕೆ.ಜಿ. ಇದ್ದ. ಮಳೆಗಾಲದಲ್ಲಿ ಮೋರಿ ಪಕ್ಕ ಸಿಕ್ಕ ಮರಿ. ಹಸಿವು ಕಂಡಿದ್ದಕ್ಕೋ ಏನೋ, ಬೋಗುಣಿ ಹತ್ತಿರ ಯಾರೂ ಬರುವ ಹಾಗಿರಲಿಲ್ಲ. ಅದೊಂದು ಬಿಟ್ಟರೆ ಅವನಂಥ ಸಾಧು ನಾಯಿ ನಾನು ನೋಡಿಲ್ಲ.

ಹೆಂಡತಿ ಬಾಣಂತನ ಮುಗಿಸಿ ಗೌರಿಬಿದನೂರಿನ ತವರಿಂದ ಬಂದಾಗ ಮಗಳಿಗೆ ಐದು ತಿಂಗಳು. ಬರುವ ಮೊದಲೇ ಮಗುವಿನ ಬಟ್ಟೆ ತಂದು ಗುಂಡನಿಗೆ ವಾಸನೆ ತೋರಿಸಿದ್ದೆ. ಅಳುವ ದನಿಯನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ದಿನಾ ಸಂಜೆ ಹಾಕುತ್ತಿದ್ದೆ. ಎರಡೂ ಚೆನ್ನಾಗಿ ಕೆಲಸ ಮಾಡಿದವು. ತೊಟ್ಟಿಲ ಕೆಳಗೆ ಮಲಗುತ್ತಿದ್ದ. ಅವಳು ಎದ್ದರೆ ನಮಗಿಂತ ಮೊದಲು ಅವನೇ ಅಡುಗೆಮನೆ ಬಾಗಿಲಿಗೆ ಬರುತ್ತಿದ್ದ.

ತೊಂದರೆ ಶುರುವಾಗಿದ್ದು ಅವಳು ಅಂಬೆಗಾಲಿಟ್ಟ ಮೇಲೆ. ದಸರಾ ಸಮಯ. ಗುಂಡ ಮೂಲೆಯಲ್ಲಿ ಮುದ್ದೆ ತಿನ್ನುತ್ತಿದ್ದ. ಮಗಳು ಸರಸರ ಅಂತ ಆ ಸ್ಟೀಲ್ ಬೋಗುಣಿ ಕಡೆಗೇ ಹೋದಳು. ಗುಂಡ ತಿನ್ನೋದು ನಿಲ್ಲಿಸಿದ. ತಲೆ ಎತ್ತಲಿಲ್ಲ. ಮೈ ಹಲಗೆಯ ಹಾಗೆ ಬಿಗಿಯಾಯಿತು. ಕಣ್ಣಿನ ಬಿಳಿ ಕಾಣಿಸಿತು. ನಾನು ಕೂಗುವ ಮೊದಲೇ ಗಾಳಿಯಲ್ಲಿ ಟಕ್ ಅಂತ ಹಲ್ಲು ಕೂಡಿಸಿದ. ಅವಳ ಮೂಗಿಗೂ ಆ ಹಲ್ಲಿಗೂ ನಾಲ್ಕೇ ಬೆರಳು ಅಂತರ. ಕಚ್ಚಬೇಕು ಅಂತಿದ್ದರೆ ಕಚ್ಚಿರುತ್ತಿದ್ದ. ಅವನು ಎಚ್ಚರಿಕೆ ಕೊಟ್ಟ, ನಾಯಿಗೆ ಗೊತ್ತಿರುವ ಭಾಷೆಯಲ್ಲಿ. ಎಂಟು ತಿಂಗಳ ಮಗುವಿಗೆ ಆ ಭಾಷೆ ಬರೋದಿಲ್ಲ. ಅವತ್ತು ರಾತ್ರಿಯಿಂದಲೇ ಗುಂಡನನ್ನು ಅಂಗಡಿಯಲ್ಲಿ ಮಲಗಿಸತೊಡಗಿದೆ.

ನಂದಿ ಬೆಟ್ಟದ ರಸ್ತೆಯಲ್ಲಿ ಬಿಟ್ಟು ಬಂದರಾಯ್ತಪ್ಪ ಅಂದವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಇಲ್ಲದಿದ್ದರೂ ನನ್ನ ಕೈಲಿ ಅದು ಆಗುತ್ತಿರಲಿಲ್ಲ.

ಮೊದಲು ತರಬೇತಿ ಕೊಡುವವರೊಬ್ಬರನ್ನು ಕರೆಸಿದೆ. ಒಂದು ತಿಂಗಳಿಗೆ 6,500 ರೂಪಾಯಿ. ಕೂರು, ನಿಲ್ಲು, ಕೈ ಕೊಡು ಕಲಿಸಿದರು. ಅದೆಲ್ಲ ಗುಂಡನಿಗೆ ಮೊದಲೇ ಬರುತ್ತಿತ್ತು. ಬೋಗುಣಿಯ ವಿಷಯಕ್ಕೆ ಅವರು ಮಾಡಿದ್ದು ಅರ್ಧ ತಿಂದಾಗ ಬೋಗುಣಿ ಕಿತ್ತುಕೊಳ್ಳುವುದು. ಇದು ತೀರಾ ತಪ್ಪು ಅಂತ ಈಗ ಖಚಿತವಾಗಿ ಹೇಳುತ್ತೇನೆ. ಕಿತ್ತುಕೊಂಡಷ್ಟೂ ನಾಯಿಗೆ ಅನುಮಾನ ಗಟ್ಟಿಯಾಗುತ್ತದೆ. ತಿಂಗಳ ಕೊನೆಗೆ ಗುಂಡ ದೂರದಿಂದಲೇ ಗುರುಗುಟ್ಟತೊಡಗಿದ.

ಆಮೇಲೆ ಗುಂಡನನ್ನು ಬೆಂಗಳೂರಿನ ಒಂದು ಫ್ಲಾಟಿಗೆ ಕೊಟ್ಟೆ. ಪರಿಚಯದವರೇ, ಒಳ್ಳೆಯ ಜನ. ಒಂಬತ್ತೇ ದಿನಕ್ಕೆ ವಾಪಸ್ ಬಂದ. ಓಮ್ನಿ ಬಾಡಿಗೆ ಹೋಗಿ ಬರುವುದಕ್ಕೆ 1,800, ಅದು ಎರಡು ಸಲ.

ನಮ್ಮ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ತೋಟ ಕಾಯಲು ನಾಯಿ ಕೇಳಿದರು. ನಾನೂ ಖುಷಿಯಾಗಿ ಹೋಗಿ ನೋಡಿ ಬಂದೆ. ಚಪ್ಪರದ ಕೆಳಗೆಲ್ಲ ಉದುರಿದ ಹಣ್ಣು. ಗುಂಡ ನೆಲದಲ್ಲಿ ಬಿದ್ದಿದ್ದನ್ನು ಬಿಡುವವನಲ್ಲ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಎಷ್ಟು ತಿಂದರೆ ಅಪಾಯ ಅಂತ ಲೆಕ್ಕ ಹೇಳುವ ಹಾಗೂ ಇಲ್ಲ. ಜೊತೆಗೆ ಔಷಧಿ ಹೊಡೆಯುವುದು ಬೇರೆ. ಕೈ ಮುಗಿದು ಬಂದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬೇಕು ಅಂತ ಈಚೆಗೆ ಹೇಳುತ್ತಾರೆ. ಅದು ಹುಣಸೆಯಲ್ಲೂ ಇದೆ. ಅದನ್ನು ತಿಳಿದ ದಿನದಿಂದ ಗುಂಡನ ಮುದ್ದೆಗೆ ಹುಳಿಸಾರು ಹಾಕುವುದನ್ನು ನಿಲ್ಲಿಸಿದೆ. ನೀವೂ ನಿಲ್ಲಿಸಿದರೆ ಒಳ್ಳೆಯದು.

ಈ ದ್ರಾಕ್ಷಿ ತೋಟದಿಂದ ವಾಪಸ್ ಬರುವಾಗಲೇ ಹಿಪ್ಪುನೇರಳೆ ತೋಟದ ಯೋಚನೆ ಬಂದದ್ದು. ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪಿಗೆ ಕಂಡಕಂಡ ಔಷಧಿ ಹೊಡೆಯುವ ಹಾಗಿಲ್ಲ, ಹೊಡೆದರೆ ಬೆಳೆಯೇ ಹೋಗುತ್ತದೆ. ಅಂದರೆ ನಮ್ಮ ಜಿಲ್ಲೆಯಲ್ಲಿ ನಾಯಿಗೆ ಇದಕ್ಕಿಂತ ಒಳ್ಳೆಯ ತೋಟ ಸಿಗೋದಿಲ್ಲ. ದಿಬ್ಬೂರಹಳ್ಳಿ ರಸ್ತೆಯ ಕಡೆ ನನ್ನ ಹಳೇ ಗಿರಾಕಿ ಒಬ್ಬರಿದ್ದರು, ಮೋಟಾರ್ ಸುಟ್ಟಾಗೆಲ್ಲ ನನ್ನ ಹತ್ತಿರವೇ ಬರುವವರು. ಮನೆಯಲ್ಲಿ ಅವರು, ಅವರ ಹೆಂಡತಿ, ವಯಸ್ಸಾದ ತಾಯಿ, ಡಿಗ್ರಿ ಓದುವ ಮಗ. ಚಿಕ್ಕ ಮಕ್ಕಳಿಲ್ಲ. ಬೋಗುಣಿಯ ವಿಷಯ ಮುಚ್ಚಿಡದೆ ಹೇಳಿದೆ. ‘ಅದಕ್ಕೇನ್ ಸಾರ್, ಉಣ್ಣೋವಾಗ ಮನುಷ್ಯನ್ನೇ ಮಾತಾಡಿಸಬಾರದು ಅಂತಾರೆ’ ಅಂದರು.

ಅಲ್ಲೂ ಮೊದಲ ಸಲ ಸೋತೆ. ಆ ಸೋಲಿಂದಲೇ ಎಲ್ಲ ಕಲಿತೆ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಗುಂಡನನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಆಗ ಅವರ ಹುಳ ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವುದು) ಎದ್ದು ಎರಡು ದಿನ ಆಗಿತ್ತು. ಹುಳ ಮೇಯಿಸಿದವರಿಗೆ ಗೊತ್ತು, ಆ ಏಳೆಂಟು ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇರೋದಿಲ್ಲ. ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ಸೊಪ್ಪು ತಿನ್ನುತ್ತವೆ. ಹೊತ್ತು ಹೊತ್ತಿಗೆ ಸೊಪ್ಪು ಕೊಯ್ದು ಹೊರೆ ಹೊರೆ ತಂದು ಹಾಕಬೇಕು. ನಾಯಿ ಕಡೆ ನೋಡುವವರು ಯಾರು? ಹುಳು ಮನೆ ಕಡೆ ಹೋಗದಿರಲಿ ಅಂತ ಹುಣಸೆ ಮರಕ್ಕೆ ಕಟ್ಟಿದರು. ಮೂರು ದಿನ ಊಟ ಮುಟ್ಟಲಿಲ್ಲ. ಮೂರನೇ ರಾತ್ರಿ ಹಗ್ಗ ಕಡಿದ.

ಎರಡು ದಿನ ಹುಡುಕಿದೆವು. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದ ಕಡೆ ಮುಖ ಮಾಡಿಕೊಂಡು ರಸ್ತೆ ಬದಿಯಲ್ಲಿ ಮಲಗಿದ್ದ. ಹತ್ತು ಕಿ.ಮೀ.ಗಿಂತ ಜಾಸ್ತಿ ನಡೆದಿದ್ದಾನೆ. ಪಾದ ನಾಲ್ಕೂ ಒಡೆದಿತ್ತು. ನನ್ನನ್ನು ನೋಡಿ ಏಳಲು ನೋಡಿದ, ಆಗಲಿಲ್ಲ, ಬಾಲ ಮಾತ್ರ ನೆಲಕ್ಕೆ ಬಡಿದ. ಔಷಧಿ, ಡ್ರೆಸ್ಸಿಂಗ್, ಗ್ಲೂಕೋಸ್ ಎಲ್ಲ ಸೇರಿ 2,400 ಆಯಿತು. ದುಡ್ಡಿನ ಮಾತು ಬಿಡಿ, ಅವತ್ತು ನಾನು ಅತ್ತಿದ್ದೇನೆ. ‘ನಾವು ಹೇಳಿದ್ವಲ್ಲ’ ಅಂತ ಎಲ್ಲರೂ ಅಂದರು.

ದಾರಿ ತೋರಿಸಿದ್ದು ನನ್ನ ಹೆಂಡತಿ. ‘ರೀ, ಮಗು ಬರೋ ಮೊದಲು ಮಗುವಿನ ಬಟ್ಟೆ ತಂದು ತೋರಿಸಿದ್ರಿ. ಈಗ ಗುಂಡ ಹೋಗೋ ಮೊದಲು ಆ ಮನೆಯವರನ್ನ ಯಾಕೆ ಇಲ್ಲಿಗೆ ತರಲಿಲ್ಲ?’ ಅಂದಳು.

ಆ ಮನೆಯ ಹುಡುಗ ದಿನಾ ಬಸ್ಸಲ್ಲಿ ಚಿಕ್ಕಬಳ್ಳಾಪುರಕ್ಕೇ ಕಾಲೇಜಿಗೆ ಬರುತ್ತಿದ್ದ! ಜನವರಿಯಿಂದ ಸಂಜೆ ನಾಲ್ಕಕ್ಕೆ ಅಂಗಡಿಗೆ ಬರಲು ಹೇಳಿದೆ. ಮೊದಲ ವಾರ ನಾನು ಊಟ ಹಾಕುವಾಗ ಸುಮ್ನೆ ದೂರ ಕೂತಿರುತ್ತಿದ್ದ. ಎರಡನೇ ವಾರ ಮುದ್ದೆ ಮುರಿದು, ಬೇಯಿಸಿದ ಕೋಳಿ ತಲೆ, ಕಾಲು ಕಲಸಿ ಅವನೇ ಇಡುತ್ತಿದ್ದ. ಮೂರನೇ ವಾರದಿಂದ ಆ ಹೊತ್ತಿಗೆ ನಾನು ಅಂಗಡಿಯಲ್ಲೇ ಇರುತ್ತಿರಲಿಲ್ಲ. ನನ್ನ ಕೈಯಿಂದ ಒಂದು ಬಿಸ್ಕತ್ತೂ ಕೊಡಲಿಲ್ಲ. ಇದು ತುಂಬಾ ಕಷ್ಟ. ಆರು ವರ್ಷ ನನ್ನ ಕೈಲಿ ತಿಂದವನು ಬೆಳಿಗ್ಗೆ ನನ್ನ ಟೀ ಲೋಟದ ಪಕ್ಕ ಬಂದು ಕೂರುತ್ತಿದ್ದ, ನಾನು ಮುಖ ತಿರುಗಿಸಿ ವೈಂಡಿಂಗ್ ಮಾಡುತ್ತಿದ್ದೆ. ಬಹಳ ಜನ ಸೋಲುವುದು ಇಲ್ಲೇ. ನಾಯಿ ಕೊಡುವ ಮುಂಚೆ ಪಾಪ ಅಂತ ಜಾಸ್ತಿ ಮುದ್ದು ಮಾಡುತ್ತಾರೆ. ಆ ಮುದ್ದು ನಾಯಿಗೆ ಒಳ್ಳೆಯದು ಮಾಡುವುದಿಲ್ಲ.

ಬೋಗುಣಿ ಇಡುವಾಗ ಹುಡುಗ ಕೈ ಹೇಗೆ ಹಿಡಿಯಬೇಕು ಅನ್ನುವುದಕ್ಕೆ ಒಂದು ರೀತಿ ಇದೆ. ಒಂದೂವರೆ ತಿಂಗಳಲ್ಲಿ ಗುಂಡ ಅವನ ಕೈ ಬೋಗುಣಿ ಒಳಗಿದ್ದರೂ ತಿನ್ನುತ್ತಿದ್ದ. ಆದರೆ ಅದನ್ನು ಬರೆದು ಹೇಳಿದರೆ ಯಾರಾದರೂ ಅರ್ಧ ತಿಳಿದುಕೊಂಡು ಕಚ್ಚಿಸಿಕೊಳ್ಳುತ್ತಾರೆ. ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ.

ಇನ್ನೊಂದು ಪ್ರಯೋಗ ಮಾಡಿದೆ, ಇದು ಪೂರ್ತಿ ನನ್ನದೇ. ಮೂರು ಗೋಣಿಚೀಲ ತಂದೆ. ಒಂದರಲ್ಲಿ ನನ್ನ ಹಳೇ ಬನಿಯನ್, ಒಂದರಲ್ಲಿ ಹುಡುಗ ಉಟ್ಟು ಬಿಟ್ಟ ಅಂಗಿ, ಮೂರನೆಯದರಲ್ಲಿ ಒಗೆದ ಬಟ್ಟೆ ಹಾಕಿ ಹೊಲಿಸಿದೆ. ರಾತ್ರಿ ಅಂಗಡಿ ಮುಚ್ಚುವಾಗ ಮೂರನ್ನೂ ಹಾಸುತ್ತಿದ್ದೆ. ದಿನಾ ಜಾಗ ಬದಲಾಯಿಸುತ್ತಿದ್ದೆ. ಬೆಳಿಗ್ಗೆ ಯಾವುದು ಬೆಚ್ಚಗಿದೆ, ಯಾವುದಕ್ಕೆ ಕೂದಲು ಅಂಟಿದೆ ನೋಡಿ ಕ್ಯಾಲೆಂಡರಲ್ಲಿ ಗುರುತು ಹಾಕುತ್ತಿದ್ದೆ. ಮೊದಲ ಎರಡು ವಾರ ಎಲ್ಲ ರಾತ್ರಿಯೂ ನನ್ನ ಚೀಲ. ಫೆಬ್ರವರಿ ನಡುವೆ ವಾರಕ್ಕೆ ಎರಡು ಮೂರು ರಾತ್ರಿ ಹುಡುಗನ ಚೀಲ. ಮಾರ್ಚ್ ಶುರುವಿಗೆ ಏಳರಲ್ಲಿ ಐದು. ಒಗೆದ ಬಟ್ಟೆಯ ಚೀಲದ ಮೇಲೆ ಒಂದೇ ಒಂದು ರಾತ್ರಿ ಮಲಗಿದ್ದ, ಅದು ಸೆಕೆಗೆ ಇರಬೇಕು. ಐದಕ್ಕೆ ಬಂದಾಗ ಇನ್ನು ಕಳಿಸಬಹುದು ಅಂತ ತೀರ್ಮಾನ ಮಾಡಿದೆ.

ಈ ನಡುವೆ ನಾಲ್ಕೈದು ಭಾನುವಾರ ತೋಟಕ್ಕೆ ಕರೆದುಕೊಂಡು ಹೋಗಿ ಸಂಜೆ ವಾಪಸ್ ತಂದೆ. ಗುಂಡನಿಗೆ ಅಲ್ಲಿ ಕಡಪ ಕಲ್ಲಿನ ಗೂಡು ಕಟ್ಟಿಸಿದೆ, 4,200 ಆಯಿತು. ಹುಳು ಮನೆಗೆ ಇಲಿ ಕಾಟ ಅಂತ ಅವರು ಇಲಿ ಪಾಷಾಣ ಇಡುತ್ತಿದ್ದರು. ಅದನ್ನು ತೆಗೆಸಿ ಎರಡು ಬೋನು ಕೊಡಿಸಿದೆ, 700. ಬೆಳೆ ಆದ ಮೇಲೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್, ಸುಣ್ಣ ಹಾಕುತ್ತಾರಲ್ಲ, ಆ ದಿನಗಳಲ್ಲಿ ಗುಂಡ ಆ ಕಡೆ ಸುಳಿಯಬಾರದು, ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ ಅಂತ ಅಜ್ಜಿಗೆ ಹೇಳಿಕೊಟ್ಟೆ. ಆ ಅಜ್ಜಿ ಒಂದು ಸಲ ಹೇಳಿದರೆ ಮರೆಯುವವರಲ್ಲ.

ಕಳಿಸುವ ದಿನವನ್ನು ಹುಳದ ಲೆಕ್ಕದಲ್ಲೇ ಇಟ್ಟೆ. ರೇಷ್ಮೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದ ಮಾರನೇ ದಿನ. ಕೈಗೆ ದುಡ್ಡು ಬಂದಿರುತ್ತದೆ, ಎಲ್ಲರೂ ನಿದ್ದೆ ಮಾಡಿರುತ್ತಾರೆ, ಮುಂದಿನ ಚಾಕಿ ಹುಳ, ಅಂದರೆ ಮರಿ ಹುಳ, ಬರಲು ಇನ್ನೂ ಎರಡು ಮೂರು ವಾರ ಇರುತ್ತದೆ. ನಾಯಿಗೆ ಬೇಕಾದ್ದು ಆ ಬಿಡುವು. ಕರೆದುಕೊಂಡು ಹೋಗಿದ್ದೂ ನಾನಲ್ಲ, ಹುಡುಗನೇ. ನಾನು ಓಮ್ನಿ ಹತ್ತಿರವೂ ಹೋಗಲಿಲ್ಲ. ಯುಗಾದಿಗೆ ಇನ್ನೂ ಸ್ವಲ್ಪ ದಿನ ಇತ್ತು. ಮೊದಲ ದಿನದ ಮುದ್ದೆಗೆ ನಾವು ಏನು ಸೇರಿಸಿದೆವು ಅನ್ನುವುದು ನನ್ನ ಮತ್ತು ಆ ಅಜ್ಜಿಯ ನಡುವಿನ ಮಾತು.

ಮೊದಲ ರಾತ್ರಿಯೇ ಮುಕ್ಕಾಲು ತಿಂದ. ಎರಡನೇ ದಿನ ಬೋಗುಣಿ ಖಾಲಿ.

ಒಂದು ತಪ್ಪು ಮಾಡಿದೆ. ನಾಲ್ಕನೇ ದಿನ ತಡೆಯಲಾಗದೆ ವಿಡಿಯೋ ಕಾಲ್ ಮಾಡಿ ‘ಗುಂಡಾ’ ಅಂತ ಕರೆದೆ. ಫೋನ್ ಹಿಂದೆ ಹುಡುಕಿದನಂತೆ, ಗೇಟಿಗೆ ಓಡಿದನಂತೆ, ಆ ರಾತ್ರಿ ಉಣ್ಣಲಿಲ್ಲವಂತೆ. ಆಮೇಲೆ ಮೂರು ವಾರ ನನ್ನ ದನಿಯೂ ಬೇಡ, ನಾನೂ ಬೇಡ ಅಂತ ಗಟ್ಟಿಯಾಗಿದ್ದೆ. ಹೆಂಡತಿ ದಿನಾ ಅಜ್ಜಿಯ ಹತ್ತಿರ ಮಾತಾಡಿ ವರದಿ ತೆಗೆದುಕೊಳ್ಳುತ್ತಿದ್ದಳು, ಅದೂ ಗುಂಡ ಹೊರಗಿದ್ದಾಗ.

ಇಪ್ಪತ್ತೆರಡನೇ ದಿನಕ್ಕೋ ಏನೋ ಮೊದಲ ಸಲ ಹೋದೆ. ಕುಣಿದ, ನೆಕ್ಕಿದ, ಕಾಲ ಹತ್ತಿರ ಹತ್ತು ನಿಮಿಷ ಕೂತ. ಅಷ್ಟರಲ್ಲಿ ಹುಡುಗನ ಟಿವಿಎಸ್ ಸದ್ದು ಕೇಳಿಸಿತು. ಎದ್ದು ಹೋದ. ಹೊರಡುವಾಗ ನನ್ನ ಹಿಂದೆ ಗೇಟಿನವರೆಗೆ ಬಂದು ನಿಂತ, ದಾಟಲಿಲ್ಲ. ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಮಗಳು ನನ್ನ ಹೆಗಲ ಮೇಲಿಂದ ‘ಗುಂ’ ಅಂತ ಕೂಗುತ್ತಾಳೆ. ಊಟದ ಹೊತ್ತಿಗೆ ಮಾತ್ರ ಅವಳನ್ನು ಕರೆದುಕೊಂಡು ಹೋಗೋದಿಲ್ಲ.

ದುಡ್ಡಿನ ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. ಪೆಟ್ರೋಲು ಸೇರಿ ಎಲ್ಲಾ ಒಟ್ಟು ಮೂವತ್ತೊಂದು ಸಾವಿರದ ಹತ್ತಿರ. ಅದರಲ್ಲಿ ಹನ್ನೆರಡು ಸಾವಿರ ಗುಂಡ ಹೋದ ಮೇಲೆ ಕೊಟ್ಟಿದ್ದು. ತಿಂಗಳಿಗೆ 1,500 ಅವನ ಊಟಕ್ಕೆ ಈಗಲೂ ಕೊಡುತ್ತೇನೆ, ವರ್ಷ ತುಂಬುವವರೆಗೆ ಕೊಡುತ್ತೇನೆ. ಲಸಿಕೆ ಖರ್ಚೂ ನನ್ನದೇ. ಕೊಟ್ಟ ಮೇಲೆ ಯಾಕೆ ಕೊಡಬೇಕು ಅಂತ ಮಾವ ಕೇಳಿದರು. ನಾಯಿ ನನ್ನದು, ಕಷ್ಟ ನನ್ನದು, ಅವರು ಜಾಗ ಕೊಟ್ಟಿದ್ದಾರೆ. ಊಟದ ಖರ್ಚನ್ನೂ ಅವರ ತಲೆಗೆ ಕಟ್ಟುವುದು ಸರಿ ಅಲ್ಲ. ಇನ್ನೊಂದು ಲೆಕ್ಕವೂ ಇದೆ: ದುಡ್ಡು ಕೊಡುತ್ತಿರುವವರೆಗೆ ಹೇಗಿದ್ದಾನೆ ಅಂತ ಕೇಳುವುದಕ್ಕೆ ನನಗೂ ಸಂಕೋಚ ಇರೋದಿಲ್ಲ, ಹೇಳುವುದಕ್ಕೆ ಅವರಿಗೂ ಬೇಸರ ಇರೋದಿಲ್ಲ.

ಹೋದ ತಿಂಗಳು ನಮ್ಮೂರಿನ ಬಿ.ಬಿ. ರಸ್ತೆಯ ಒಬ್ಬರು ಬಂದಿದ್ದರು. ಮಗಳ ಬಾಣಂತನ ಮನೆಯಲ್ಲೇ, ನಾಯಿಗೆ ಏಳು ವರ್ಷ. ಚಿಂತಾಮಣಿ ಕಡೆ ಅವರ ಭಾವಮೈದನ ಮಾವಿನ ತೋಪಿದೆಯಂತೆ. ಭಾವಮೈದ ಇಲ್ಲಿಗೆ ವಾರಕ್ಕೆ ಎರಡೇ ಸಲ ಬರುತ್ತಾರೆ. ಹಾಗಾಗಿ ಮೂರು ತಿಂಗಳು ಸಾಲದು, ಐದು ಬೇಕು ಅಂತ ಹೇಳಿದ್ದೇನೆ. ಚೀಲ ಮೂರೂ ಹೊಲಿಸಿ ಕೊಟ್ಟಾಗಿದೆ. ನಿನ್ನೆ ರಾತ್ರಿಯೂ ಯಜಮಾನರ ಚೀಲದ ಮೇಲೇ ಮಲಗಿತ್ತಂತೆ.