ಶೋನಿಂದ ವಾಪಸ್ ಬಂದ ಹಾವೂ ಹೊಸ ಹಾವೇ: ನನ್ನ ಅನುಭವ

ಹೊಸದಾಗಿ ಕೊಂಡ ಹಾವಿಗೆ 90 ದಿನ ಕ್ವಾರಂಟೈನ್ ಅಂತ ಎಲ್ಲರೂ ಹೇಳ್ತಾರೆ, ಸುಮಾರು ಜನ ಮಾಡ್ತಾರೆ ಕೂಡ. ಸಾಕುವ ಹಾವುಗಳನ್ನು ಮೇಜಿನ ಮೇಲಿಟ್ಟು ಮಾರುವ ಶೋನಲ್ಲಿ ಮಾರಾಟವಾಗದೆ ಉಳಿದ ನಮ್ಮದೇ ಹಾವನ್ನು ಮಾತ್ರ ಅದೇ ರಾತ್ರಿ ಅದರ ಹಳೇ ಟಬ್‌ಗೆ ಬಿಟ್ಟು ಮಲಗಿಬಿಡ್ತೀವಿ. ಆ ದಿನ ಅದು ಏಳೆಂಟು ಗಂಟೆ ಪಕ್ಕದ ಮೇಜಿನ ಹಾವುಗಳಿಂದ ಎರಡಡಿ ದೂರದಲ್ಲಿತ್ತು, ಹತ್ತಾರು ಕೈ ದಾಟಿ ಬಂತು ಅನ್ನೋದು ಲೆಕ್ಕಕ್ಕೇ ಇಲ್ಲ. ನನ್ನ ಪದ್ಧತಿಯ ತಿರುಳು ಇಷ್ಟೇ: ಶೋ ಬಾಗಿಲು ದಾಟಿದ ಹಾವು ತಿರುಗಿ ಬಂದರೆ ಅದು ಹೊಸ ಹಾವು. ಮುಟ್ಟೋಕೆ ಬಿಡದಿದ್ದರೆ ಯಾರು ಕೊಳ್ತಾರೆ, ಮೂರು ತಿಂಗಳು ಎರಡು ಕೋಣೆ ಯಾರು ಬಿಸಿ ಮಾಡ್ತಾರೆ ಅಂತ ಜೊತೆಯವರು ನಕ್ಕಿದ್ದರು. ಈಗ ಹದಿನೈದು ಹದಿನಾರು ಶೋ ಆಗಿರಬೇಕು. ನೈಡೋ (ಹಾವಿನ ಉಸಿರಾಟ ಕೆಡಿಸುವ ವೈರಸ್) ಪಾಸಿಟಿವ್ ಎರಡು ಸಿಕ್ಕಿವೆ, ಹಾವಿನ ರಕ್ತ ಹೀರುವ ನುಸಿ ಮೂರು ಸಲ ಬಂದಿದೆ, ಎಲ್ಲವೂ ಕ್ವಾರಂಟೈನ್ ಕೋಣೆಯಲ್ಲೇ ನಿಂತವು. ನಕ್ಕವರಲ್ಲಿ ಇಬ್ಬರು ಈಗ ಅದೇ ರೀತಿ ಮಾಡ್ತಿದ್ದಾರೆ.

ಮೇಜಿನ ಮೇಲೆ ಮೊದಲು ಬದಲಾಯಿಸಬೇಕಾದ್ದು ಟಬ್. ಗಾಳಿಯ ತೂತು ನಾಲ್ಕೂ ಕಡೆ ಇರುವ ಡಬ್ಬಿ ಬೇಡ. ಹಿಂಬದಿಗೆ ಮಾತ್ರ ತೂತು ಕೊರೆದು ಆ ಬದಿಯನ್ನು ನಮ್ಮ ಕಡೆಗಿಟ್ಟರೆ ಗಿರಾಕಿಯ ಉಸಿರು, ಕೈ, ಪಕ್ಕದ ಡಬ್ಬಿ ಮೂರೂ ದೂರ. ಮುಚ್ಚಳಕ್ಕೆ ಟೇಪ್. ಕೈಗೆ ಕೇಳಿದವರಿಗೆ ಟಬ್ ಸಮೇತ ಎತ್ತಿ ತೋರಿಸಿ. ಕೊಳ್ಳುವುದು ಖಚಿತವಾದ ಮೇಲೆ ಮಾತ್ರ ಹೊರಗೆ, ಹಾಗೆ ಹೊರಬಂದದ್ದು ಮತ್ತೆ ಮಾರಾಟದ ಸಾಲಿಗೆ ಹೋಗಬಾರದು. ಮೊದಲ ಎರಡು ಶೋನಲ್ಲಿ ವ್ಯಾಪಾರ ಮೂರನೇ ಒಂದು ಪಾಲು ಇಳಿದದ್ದು ನಿಜ, ಆಮೇಲೆ ಸರಿಹೋಯಿತು. ಕೈಗೆ ಕೊಡದೆಯೇ ಮಾರುವ ಮಾತಿನ ವರಸೆ ಒಂದಿದೆ, ಅದು ನನ್ನಲ್ಲೇ ಇರಲಿ.

ಹ್ಯಾಂಡ್ ಸ್ಯಾನಿಟೈಜರ್ ಬಗ್ಗೆ ಒಂದು ಮಾತು. ನೈಡೋ (ಈಗಿನ ಹೆಸರು ಸರ್ಪೆಂಟೋವೈರಸ್), ಬೋವಾ ಜಾತಿಯ ಹಾವುಗಳ ಐಬಿಡಿಗೆ (ನರಕ್ಕೂ ತಗಲುವ ಮಾರಕ ಕಾಯಿಲೆ) ಕಾರಣವಾದ ರೆಪ್ಟರೀನಾ, ಪ್ಯಾರಾಮಿಕ್ಸೋ ಅಂತ ಕರೆಯುತ್ತಿದ್ದ ಫರ್ಲಾ, ಈ ಮೂರು ವೈರಸ್‌ಗಳಿಗೂ ಮೇಲೆ ಕೊಬ್ಬಿನ ಹೊದಿಕೆ ಇದೆ. ಸೋಪು, ಆಲ್ಕೋಹಾಲ್, ಬ್ಲೀಚ್ ಯಾವುದಕ್ಕೂ ತಡೆಯೋದಿಲ್ಲ. ಹೊಟ್ಟೆಗೆ ಸೇರುವ ಪರಾವಲಂಬಿ ಕ್ರಿಪ್ಟೋ (ಕ್ರಿಪ್ಟೋಸ್ಪೋರಿಡಿಯಂ) ಹಾಗಲ್ಲ, ಅದರ ಮುಂದೆ ಸ್ಯಾನಿಟೈಜರ್ ನೀರಿಗೆ ಸಮ. ಬಟ್ಟೆ ಮಡಿಕೆಯಲ್ಲಿ ಕೂತ ನುಸಿಗೂ ಅಷ್ಟೇ. ಆದ್ದರಿಂದ ಶೋ ಬಟ್ಟೆ ಬೇರೆ, ಮನೆಗೆ ಬಂದೊಡನೆ ಬಿಸಿನೀರಿನ ವಾಷ್‌ಗೆ, ಆಮೇಲೆ ಸ್ನಾನ. ಅಲ್ಲಿಯವರೆಗೆ ಹಾವಿನ ಕೋಣೆಯ ಚಿಲಕ ಮುಟ್ಟುವಂತಿಲ್ಲ.

ಅನುಮಾನ ಯಾವಾಗ ಪಡಬೇಕು? ಬಾಯಿ ತೆರೆದು ಉಸಿರಾಡೋದು, ಮೂಗಿನಲ್ಲಿ ಗುಳ್ಳೆ, ಇವು ತಡವಾಗಿ ಬರುವ ಲಕ್ಷಣ. ನಾನು ಮೊದಲು ನೋಡೋದು ಹಾವನ್ನಲ್ಲ, ಟಬ್ಬಿನ ಗೋಡೆಯನ್ನು. ಹಾವು ಮೂತಿ ಒರಗಿಸಿದ ಜಾಗದಲ್ಲಿ ಬಸವನಹುಳು ಹರಿದ ಹಾಗೆ ಒಣಗಿದ ಲೋಳೆಯ ಗೆರೆ ಇದ್ದರೆ, ನೀರಿನ ಬಟ್ಟಲಿನ ಅಂಚಿನಲ್ಲಿ ನೂಲೆಳೆಯಂತೆ ಲೋಳೆ ಸಿಕ್ಕಿದರೆ, ಬಾಯಿ ಎಷ್ಟೇ ಚೊಕ್ಕಟ ಕಂಡರೂ ಅದು ಅನುಮಾನದ ಹಾವು. ಇನ್ನು ಶಬ್ದ. ಕಾಯಿಲೆಯ ಹಾವಿನ ಕುತ್ತಿಗೆಯ ಕೆಳಗಿನ ಭಾಗವನ್ನು ಕಿವಿಗೆ ಹತ್ತಿರ ಹಿಡಿದರೆ ಉಸಿರೆಳೆಯುವಾಗ ಟಿಕ್ ಟಿಕ್ ಅನ್ನುತ್ತದೆ. ಪೊರೆ ಬಿಡುವ ಮುಂಚೆ ಮೂಗಿನ ಹೊಳ್ಳೆಯಲ್ಲಿ ಹಳೇ ಪೊರೆ ಸಿಕ್ಕಿಕೊಂಡರೂ ಶಿಳ್ಳೆಯಂಥ ಸದ್ದು ಬರುತ್ತದೆ, ಅದಕ್ಕೆ ಗಾಬರಿ ಬೇಡ, ಪೊರೆ ಕಳಚಿದ ಮೇಲೆ ಮತ್ತೆ ಕೇಳಿ. ತಲೆ ಮೇಲೆತ್ತಿ ಆಕಾಶ ನೋಡುವ, ಮಗುಚಿದರೆ ತಿರುಗಿಕೊಳ್ಳಲಾಗದ ಹಾವನ್ನು ಕಂಡರೆ ಐಬಿಡಿ, ಫರ್ಲಾ ಎರಡೂ ನೆನಪಿಗೆ ಬರಬೇಕು. ಆದರೆ ಸ್ಪೈಡರ್ ಎಂಬ ಬಣ್ಣದ ತಳಿಯ ಬಾಲ್ ಪೈಥಾನ್‌ನ ತಲೆ ಹುಟ್ಟಿನಿಂದಲೇ ನಡುಗುತ್ತದೆ, ಅದು ವಂಶದ ದೋಷ. ಕೆಲವರು ಈ ನೆಪವನ್ನೇ ಮುಂದಿಟ್ಟು ಕಾಯಿಲೆಯ ಹಾವು ದಾಟಿಸ್ತಾರೆ. ಸ್ಪೈಡರ್ ರಕ್ತವೇ ಇಲ್ಲದ ಹಾವು ನಡುಗಿದರೆ ಆ ಮಾತಿಗೆ ಬೆಲೆ ಕೊಡಬೇಡಿ.

ಶೋನಲ್ಲೇ ಅನುಮಾನ ಬಂದರೆ ಆ ಹಾವು ಮಾತ್ರ ಅಲ್ಲ, ಅದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬಂದ ಎಲ್ಲವೂ ಮೇಜಿನಿಂದ ಇಳಿಯಬೇಕು. ಬಟ್ಟೆಯ ಚೀಲ, ಅದನ್ನು ಮುಚ್ಚಳವಿರುವ ಡಬ್ಬಿಯೊಳಗೆ, ಡಬ್ಬಿ ವಾಹನದಲ್ಲಿ 24ರಿಂದ 28 ಡಿಗ್ರಿಯಲ್ಲಿ. ಆ ದಿನದ ಲಾಭ ಅಲ್ಲಿಗೆ ಮುಗಿಯಿತು. ಗಾದೆಯಲ್ಲಿ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಮ್ಮ ಧಂದೆಯಲ್ಲಿ ಹಾವೂ ಸಾಯಬಾರದು, ಗಿರಾಕಿಯೂ ಮುರಿಯಬಾರದು. ಅಂದು ಬೆಳಿಗ್ಗೆ ಮಾರಿದವರ ಫೋನ್ ನಂಬರ್ ಬರೆದಿಟ್ಟುಕೊಂಡಿದ್ದರೆ ಸಂಜೆಯೇ ತಿಳಿಸಬಹುದು. ನಂಬರ್ ಕೊಡದವರಿಗೆ ಹಾವು ಇಲ್ಲ ಅಂತ ನಾನು ಬೋರ್ಡೇ ಹಾಕಿದ್ದೇನೆ.

ಕ್ವಾರಂಟೈನ್ ಕೋಣೆಯ ಗಾಳಿ ಮುಖ್ಯ ಕೋಣೆಗೆ ಹೋಗುವಂತಿಲ್ಲ. ಒಂದೇ ಕೋಣೆಯ ಎರಡು ಮೂಲೆ ಕ್ವಾರಂಟೈನ್ ಅಲ್ಲ. ನೆಲಹಾಸಿಗೆ ಬರೀ ಬಿಳಿ ಕಾಗದ, ಅಡಗುವುದಕ್ಕೆ ಎಸೆಯಬಹುದಾದ ರಟ್ಟಿನ ಡಬ್ಬಿ, ಪ್ರತಿ ಟಬ್‌ಗೂ ಅದರದೇ ಬಟ್ಟಲು, ಅದರದೇ ಚಿಮಟ. ಕೆಲಸದ ಸರದಿ ಯಾವಾಗಲೂ ಮುಖ್ಯ ಕೋಣೆ ಮೊದಲು, ಇದು ಕೊನೆಗೆ. ಇಲ್ಲಿ ತಿನ್ನದೆ ಬಿಟ್ಟ ಇಲಿಯನ್ನು ಅಲ್ಲಿಯ ಹಾವಿಗೆ ಹಾಕಿದರೆ ಅಷ್ಟೂ ಶ್ರಮ ನೀರುಪಾಲು. ಇದು ನನ್ನಿಂದಲೇ ಒಮ್ಮೆ ಆಗಿದೆ, ಅದೃಷ್ಟಕ್ಕೆ ಆ ಹಾವು ನೆಗೆಟಿವ್.

ಪರೀಕ್ಷೆಯಲ್ಲಿ ದುಡ್ಡು ಹೆಚ್ಚು ಹಾಳಾದದ್ದು ತಪ್ಪು ಮಾದರಿಯಿಂದ. ಕಟ್ಟಿಗೆ ಕಡ್ಡಿಯ ಸ್ವಾಬ್, ಜೆಲ್ ಇರುವ ಸ್ವಾಬ್ ಪಿಸಿಆರ್‌ಗೆ ಬೇಡ. ಪ್ಲಾಸ್ಟಿಕ್ ಕಡ್ಡಿಯ ಒಣ ಸ್ವಾಬ್ ಸಾಕು. ಬಾಯಿಯ ಅಂಗಳ, ಮೂಗು ಬಾಯಿಗೆ ತೆರೆದುಕೊಳ್ಳುವ ಸೀಳು, ಆಮೇಲೆ ಅನ್ನನಾಳದೊಳಗೆ ಸ್ವಲ್ಪ, ಇಷ್ಟು ತಿರುಗಿಸಿ ಉಜ್ಜಬೇಕು. ಊಟವಾದ ಮರುದಿನ ಮಾಡಲು ಹೋದರೆ ಕಕ್ಕಿಬಿಡುತ್ತದೆ, ಒಂದು ವಾರ ಬಿಡಿ. ಈ ವೈರಸ್‌ಗಳದು ಆರ್‌ಎನ್‌ಎ, ಬೆಚ್ಚಗೆ ಎರಡು ದಿನ ಪಾರ್ಸೆಲ್‌ನಲ್ಲಿ ಕೂತರೆ ಪಾಸಿಟಿವ್ ಕೂಡ ನೆಗೆಟಿವ್ ಆಗಿ ಬರುತ್ತದೆ. ಐಸ್ ಪ್ಯಾಕ್ ಹಾಕಿ, ವಾರದ ಮೊದಲ ದಿನ ಕಳಿಸಿ. ಬೋವಾಗಳಿಗೆ ಬಾಯಿಯ ಸ್ವಾಬ್ ಮಾತ್ರ ನಂಬಿ ಕೂತದ್ದು ನನ್ನ ದೊಡ್ಡ ತಪ್ಪು. ರೆಪ್ಟರೀನಾಗೆ ರಕ್ತವೂ ಬೇಕು. ಸೋಂಕಿನ ಬೋವಾ ವರ್ಷಗಟ್ಟಲೆ ಗುಂಡುಕಲ್ಲಿನಂತೆ ಇರುತ್ತದೆ, ಪೈಥಾನ್‌ಗೆ ಬಂದರೆ ನರದ ಲಕ್ಷಣ ಬೇಗ ಕಾಣುತ್ತದೆ. ಸ್ಪಾಟುಲಾ ಇಲ್ಲದೆ ಹಲ್ಲು ಮುರಿಯದೆ ಬಾಯಿ ತೆರೆಸುವ ಉಪಾಯ ಒಂದಿದೆ, ಎದುರಿಗೆ ಬಂದವರಿಗೆ ತೋರಿಸುತ್ತೇನೆ, ಬರೆಯೋದಿಲ್ಲ.

ಒಂದು ಪಿಸಿಆರ್ ಖರ್ಚು ಸಾಮಾನ್ಯ ಬಣ್ಣದ ಒಂದು ಮರಿಯ ಬೆಲೆಗೆ ಹತ್ತಿರ. ಅದಕ್ಕೇ ಐದೈದು ಹಾವಿನ ಸ್ವಾಬ್ ಒಂದು ಪೂಲ್. 20 ಹಾವಿಗೆ 4 ಪರೀಕ್ಷೆ, ಒಂದು ಪೂಲ್ ಪಾಸಿಟಿವ್ ಬಂದರೆ ಆ ಐದಕ್ಕೂ ಬೇರೆ ಬೇರೆ, ಒಟ್ಟು 9. ಆದರೆ ವೈರಸ್ ಕಡಿಮೆ ಇರುವ ಹಾವು ಪೂಲ್‌ನಲ್ಲಿ ಮುಳುಗಿಹೋಗುತ್ತದೆ. ಲಕ್ಷಣ ಕಂಡ ಹಾವನ್ನು ಪೂಲ್‌ಗೆ ಹಾಕಬೇಡಿ, ಉಳಿದವನ್ನು ಮೊದಲ ವಾರ ಒಮ್ಮೆ, 80-90ನೇ ದಿನ ಇನ್ನೊಮ್ಮೆ. ಮೊದಲ ನೆಗೆಟಿವ್ ಹಿಡಿದು ನಲವತ್ತನೇ ದಿನ ಒಂದನ್ನು ಬಿಡುಗಡೆ ಮಾಡುವುದರಲ್ಲಿದ್ದೆ. ಎರಡನೇ ಸುತ್ತಿನಲ್ಲಿ ಅದೇ ಪಾಸಿಟಿವ್.

ಆಂಟಿಬಯೋಟಿಕ್ ಕೊಟ್ಟೆ, ವಾಸಿಯಾಯಿತು ಅನ್ನುವವರಿಗೆ: ವೈರಸ್ ಹಿಂದೆಯೇ ಬರುವ ಬ್ಯಾಕ್ಟೀರಿಯಾ ಅದರಿಂದ ಇಳಿಯುತ್ತದೆ, ಲೋಳೆ ನಿಲ್ಲುತ್ತದೆ, ಹಾವು ತಿನ್ನುತ್ತದೆ. ವೈರಸ್ ಹರಡುವುದು ನಿಂತಿರೋದಿಲ್ಲ. ವೈದ್ಯರು ಬೇಕು ಅಂದರೆ ಕೊಡಿ, ಅದಕ್ಕೆ ಮುಂಚೆಯೇ ಸ್ವಾಬ್ ತೆಗೆಯಿರಿ.

ಕ್ರಿಪ್ಟೋದ ಗುರುತು ನಡುಮೈಯಲ್ಲಿ ಗಟ್ಟಿ ಉಬ್ಬು, ತಿಂದ ಮೂರು ನಾಲ್ಕನೇ ದಿನ ಕಕ್ಕುವುದು. ಇದರ ಪರೀಕ್ಷೆಯಲ್ಲಿ ಒಂದು ಮೋಸ ಇದೆ. ಇಲಿಯ ಕ್ರಿಪ್ಟೋ ಹಾವಿನ ಹೊಟ್ಟೆಯಲ್ಲಿ ಸುಮ್ಮನೆ ಹಾದು ಹೋಗುವಾಗಲೂ ಮಲ ಪಾಸಿಟಿವ್ ಬರುತ್ತದೆ. ಯಾವ ಜಾತಿ ಅಂತ ಲ್ಯಾಬ್ ಬಿಡಿಸಿ ಹೇಳದೆ ಹಾವನ್ನು ಕೊಲ್ಲಿಸಬೇಡಿ, ಹಾವಿಗೇ ತಗಲುವ ಸರ್ಪೆಂಟಿಸ್ ಜಾತಿ ಅಂದರೆ ಮಾತ್ರ ಆಸೆ ಬಿಡಿ. ಬ್ಲೀಚ್ ಇದಕ್ಕೆ ನಾಟುವುದಿಲ್ಲ. ಹಬೆ, ಕುದಿನೀರು, ಪೂರ್ತಿ ಒಣಗಿಸುವುದು, ಅಗ್ಗದ ಟಬ್ ಆದರೆ ಎಸೆಯುವುದು.

ಬೇರೆಲ್ಲದಕ್ಕೂ ಮನೆಬಳಕೆಯ ಬ್ಲೀಚ್ 1 ಪಾಲು, ನೀರು 9 ಪಾಲು, 10 ನಿಮಿಷ. ಚರ್ಮದ ಫಂಗಸ್ ಒಫಿಡಿಯೋಮೈಸಿಸ್‌ಗೂ ಇದೇ ಸಾಕು. ಮಲ ಉಳಿದ ಟಬ್ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಮಲಕ್ಕೇ ಖರ್ಚು, ಆದ್ದರಿಂದ ಸೋಪಿನಲ್ಲಿ ಉಜ್ಜಿ ತೊಳೆದ ಮೇಲೆ ಬ್ಲೀಚ್. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆಸಿದರೆ ವಿಷಾನಿಲ. ಫಿನೈಲ್ ಹಾವಿನ ಕೋಣೆಗೆ ತರಲೇಬೇಡಿ.

ನುಸಿಗೆ ಸುಮಾರು ಪ್ರಯೋಗ ಮಾಡಿ ಸೋತಿದ್ದೇನೆ. ಯುವಿ ದೀಪ ಹಾಕಿದ್ದು ವ್ಯರ್ಥ, ಬೆಳಕು ಬೀಳದ ಸಂದಿಯಲ್ಲೇ ಅದು ಮೊಟ್ಟೆ ಇಡುವುದು. ಹಾವನ್ನು ಸೋಪು ನೀರಿನಲ್ಲಿ ನೆನೆಸಿದರೆ ಮೈಮೇಲಿನ ನುಸಿ ಮುಳುಗಿ ಸಾಯುತ್ತದೆ, ಕಣ್ಣಿನ ಅಂಚು ಮತ್ತು ಗದ್ದದ ಗೀರಿನಲ್ಲಿ ಕೂತದ್ದು ಉಳಿಯುತ್ತದೆ. ನುಸಿ ತಿನ್ನುವ ನುಸಿ ಬಿಟ್ಟು ನೋಡಿದೆ. ಮಣ್ಣಿನ ಹಾಸಿನಲ್ಲಿ ಪರವಾಗಿಲ್ಲ, ಒಣ ಕಾಗದದ ಮೇಲೆ ಎರಡು ದಿನಕ್ಕೆ ಸತ್ತವು. ಕೊನೆಗೆ ಉಪಯೋಗಕ್ಕೆ ಬಂದದ್ದು ರ್ಯಾಕ್ ಕಾಲಿಗೆ, ಟಬ್ ಅಂಚಿಗೆ ಎರಡೂ ಬದಿ ಅಂಟುವ ಟೇಪ್. ಬೆಳಿಗ್ಗೆ ಟಾರ್ಚ್ ಹಾಕಿ ನೋಡಿದರೆ ಕರಿಮೆಣಸಿನ ಪುಡಿ ಉದುರಿಸಿದಂತೆ ಅಂಟಿರುತ್ತವೆ. ಟಬ್ಬಿನಲ್ಲಿ ಒದ್ದೆ ಬಿಳಿ ಟಿಶ್ಯೂ ರಾತ್ರಿ ಇಟ್ಟರೂ ಕಾಣುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಎರಡು ಮೂರು ವಾರ, ಹಾಗಾಗಿ ಒಂದೇ ಸಲ ಔಷಧಿ ಹೊಡೆದು ನಿಲ್ಲಿಸಿದವರಿಗೆ ಮತ್ತೆ ಬರುವುದು ಖಾತ್ರಿ. ಐವರ್ಮೆಕ್ಟಿನ್ ಅಂದಾಜಿನಲ್ಲಿ ಹಾಕಬೇಡಿ, ಅದೇ ಕೋಣೆಯಲ್ಲಿ ಆಮೆ ಇದ್ದರೆ ಬಾಟಲಿಯೇ ತರಬೇಡಿ, ಆಮೆಗೆ ಅದು ಪ್ರಾಣಾಂತಿಕ.

ಹಾವು ಸತ್ತರೆ ಫ್ರೀಜರ್‌ಗೆ ಹಾಕುವುದು ಕೈಗೆ ಬರುವ ಮೊದಲ ತಪ್ಪು. ಹೆಪ್ಪುಗಟ್ಟಿದ ಅಂಗಾಂಶ ಸೂಕ್ಷ್ಮದರ್ಶಕದಲ್ಲಿ ಒಡೆದ ಇಟ್ಟಿಗೆಯಂತೆ, ಏನೂ ಓದಲಾಗುವುದಿಲ್ಲ. ಫ್ರಿಜ್‌ನಲ್ಲಿ 4 ಡಿಗ್ರಿ, ಮರುದಿನದೊಳಗೆ ಲ್ಯಾಬ್‌ಗೆ. ಅದಾಗದಿದ್ದರೆ ಹೊಟ್ಟೆಯ ಉದ್ದಕ್ಕೂ ಸೀಳಿ, ಶ್ವಾಸಕೋಶ ಮತ್ತು ಯಕೃತ್ತಿನ ಒಂದೊಂದು ಚೂರು ಪಿಸಿಆರ್‌ಗೆ ಬೇರೆ ತೆಗೆದಿಟ್ಟು, ಉಳಿದದ್ದು 10% ಫಾರ್ಮಲಿನ್‌ನಲ್ಲಿ, ದೇಹದ ಹತ್ತರಷ್ಟು ದ್ರವ. ಸೀಳದೆ ಮುಳುಗಿಸಿದರೆ ಹುರುಪೆ ದಾಟಿ ಒಳಗೆ ಇಳಿಯುವುದೇ ಇಲ್ಲ, ಬಾಟಲಿಯ ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಕೊಳೆತಿರುತ್ತದೆ.