ಕ್ಯಾರೆಟ್ ಪಲ್ಯ ಆಗುತ್ತದೆ, ಕೋಸಂಬರಿ ಆಗಲ್ಲ

ಜರ್ಮನಿಗೆ ಬಂದ ಮೊದಲ ಮೂರು ವರ್ಷ ನನಗೆ ಯಾವ ಅಲರ್ಜಿಯೂ ಇರಲಿಲ್ಲ. ನಾಲ್ಕನೇ ವರ್ಷದ ಏಪ್ರಿಲ್‌ನಲ್ಲಿ ಬೆಳಗಾದರೆ ಸೀನು, ಕಣ್ಣಲ್ಲಿ ತುರಿಕೆ. ನೆಗಡಿ ಅಂತ ಸುಮ್ನಿದ್ದೆ. ಆ ಸಲ ರಾಮನವಮಿಗೆ ಕೋಸಂಬರಿ ಮಾಡಿ, ಕ್ಯಾರೆಟ್ ಸ್ವಲ್ಪ ಜಾಸ್ತಿನೇ ತುರಿದು ಹಾಕಿದ್ದೆ. ಎರಡನೇ ತುತ್ತಿಗೆ ತುಟಿ ಚುರುಚುರು, ಅಂಗುಳಲ್ಲಿ ಸರಿಯಾಗಿ ಬೇಯದ ಸುವರ್ಣಗೆಡ್ಡೆ ತಿಂದ ಹಾಗೆ ಕೆರೆತ. ಅರ್ಧ ಗಂಟೆಯಲ್ಲಿ ತಾನಾಗೇ ಹೋಯಿತು. ಹಸಿಮೆಣಸಿನಕಾಯಿ ಮೇಲೆ ತಪ್ಪು ಹೊರಿಸಿದೆ.

ಮಾರನೇ ದಿನ ಮಿಕ್ಕ ಕ್ಯಾರೆಟ್ ಪಲ್ಯ ಮಾಡಿ ತಿಂದರೆ ಏನೂ ಇಲ್ಲ! ತಲೆ ಕೆಟ್ಟಿದ್ದು ಆಗ.

ಒಂದು ಹಳೇ ನೋಟ್‌ಬುಕ್ ಹಿಡಿದು ಬರೆಯತೊಡಗಿದೆ: ಏನು ತಿಂದೆ, ಹಸಿಯೋ ಬೆಂದದ್ದೋ, ಎಷ್ಟು ನಿಮಿಷಕ್ಕೆ ಕೆರೆತ ಬಂತು. ಹಸಿ ಸೇಬು, ಕಿವಿ ಹಣ್ಣು, ಹೇಜಲ್‌ನಟ್ ಮೂರಕ್ಕೂ ಕೆರೆತ. ಬೇಯಿಸಿದ ಸೇಬಿಗೆ ಇಲ್ಲ. ಅಲರ್ಜಿ ಡಾಕ್ಟರ್ ನನ್ನ ನೋಟ್‌ಬುಕ್ ನೋಡಿ, ಮುಂದಿನ ಸಲ ಮನೆಯಿಂದಲೇ ಸೇಬು, ಕ್ಯಾರೆಟ್ ತನ್ನಿ ಅಂದರು. ಸೂಜಿಯನ್ನು ಮೊದಲು ಹಣ್ಣಿಗೆ ಚುಚ್ಚಿ, ಅದೇ ಸೂಜಿ ನನ್ನ ಮುಂಗೈಗೆ. ಹದಿನೈದು ನಿಮಿಷಕ್ಕೆ ಸೊಳ್ಳೆ ಕಚ್ಚಿದಂಥ ಗುಳ್ಳೆ. ಬರ್ಚ್ ಮರದ ಪರಾಗದ ಹನಿ ಹಾಕಿದ ಜಾಗದಲ್ಲಿ ಇನ್ನೂ ದೊಡ್ಡದು.

ವಿಷಯ ಇಷ್ಟೇ. ಬರ್ಚ್ ಪರಾಗದಲ್ಲಿ ಬೆಟ್ ವಿ 1 ಅನ್ನೋ ಪ್ರೋಟೀನ್ ಇದೆ. ಸೇಬು, ಕ್ಯಾರೆಟ್, ಹೇಜಲ್‌ನಟ್, ಸೋಯಾ, ಹೆಸರುಕಾಳಿನ ಮೊಳಕೆಯಲ್ಲೂ ಅದರ ನೆಂಟರಿದ್ದಾರೆ. ಪರಾಗಕ್ಕೆ ಸಿಡುಕೋ ದೇಹ ಇವನ್ನೂ ಅದೇ ಅಂದುಕೊಳ್ಳುತ್ತದೆ. ಬೇಯಿಸಿದರೆ ಪ್ರೋಟೀನಿನ ಆಕಾರ ಕೆಡುತ್ತದೆ, ಗುರುತು ಸಿಗಲ್ಲ. (ಮೇ ತಿಂಗಳಲ್ಲಿ ಕಾರಿನ ಮೇಲೆ ಕೂರೋ ಹಳದಿ ಪುಡಿಯನ್ನು ಎಲ್ಲರೂ ಬೈತಾರೆ. ಅದು ಹೆಚ್ಚಾಗಿ ಪೈನ್ ಮರದ್ದು, ಪಾಪ, ಅದರಿಂದ ಅಲರ್ಜಿ ಆಗೋದು ಅಪರೂಪ.)

ಬರೀ ಕೆರೆತ ತಾನೇ ಅಂತ ನಾನು ಉಡಾಫೆ ಮಾಡಿದೆ. ಒಂದು ದಿನ ಓಡಿ ಬಂದು ಖಾಲಿ ಹೊಟ್ಟೆಗೆ ಸೋಯಾ ಪ್ರೋಟೀನ್ ಪುಡಿ ಕಲಸಿದ ದೊಡ್ಡ ಲೋಟ ಗಟಗಟ ಕುಡಿದೆ. ಇಪ್ಪತ್ತು ನಿಮಿಷದಲ್ಲಿ ಮುಖ ಊದಿ, ಗಂಟಲು ಬಿಗಿದು, 112ಕ್ಕೆ ಫೋನ್ ಮಾಡಬೇಕಾಯಿತು. ಅವತ್ತಿಂದ ಸೋಯಾ ಹಾಲು ಮುಟ್ಟಿಲ್ಲ. ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದರೆ ತಕ್ಷಣ ನಾವೇ ಚುಚ್ಚಿಕೊಳ್ಳೋ ಇಂಜೆಕ್ಷನ್) ಚೀಲದಲ್ಲೇ ಇರುತ್ತದೆ. ಸೆಲರಿ ಗೆಡ್ಡೆ ಬೆಂದರೂ ಕೆಲವರಿಗೆ ಆಗಲ್ಲ, ಹಾಗಾಗಿ ಇಲ್ಲಿನ ಸೂಪ್ ಪ್ಯಾಕೆಟ್ ಹಿಂದೆ ಓದದೆ ಕೊಳ್ಳಲ್ಲ.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದಾಗ ಬರ್ಚ್ ಮರ ಇಲ್ವಲ್ಲ ಅಂತ ಧೈರ್ಯವಾಗಿ ಒಂದು ತುಂಡು ಹಸಿ ಕ್ಯಾರೆಟ್ ಕಚ್ಚಿದೆ. ಕೆರೆತ ಕಮ್ಮಿ, ಆದರೂ ಇತ್ತು. ಅಮ್ಮ ನನ್ನ ಕೈಯಿಂದ ಕಿತ್ತುಕೊಂಡು, ಉಳಿದಿದ್ದನ್ನೆಲ್ಲ ತುರಿದು ಹಲ್ವಾಕ್ಕೆ ಇಟ್ಟರು.