ಕಾಲಿನ ನೋವು ಸೊಂಟಕ್ಕೆ ಹತ್ತಿದ ದಿನ

ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಗಾದಿ ಮೇಲೆ 22 ವರ್ಷದಿಂದ ಕೂರುತ್ತಿದ್ದೇನೆ. ಹಿಂದೆ ತಿರುಗಿ ಸೀರೆ ಎಳೆಯುವುದು, ಮುಂದೆ ಬಗ್ಗಿ ಹರಡುವುದು, ಗಿರಾಕಿ ಎದ್ದು ಹೋದ ಮೇಲೆ ಮಡಚುವುದು. ಮದುವೆ ಸೀಸನ್ನಿನಲ್ಲಿ ದಿನಕ್ಕೆ 200 ಸೀರೆ ಬಿಚ್ಚಿದ್ದೂ ಉಂಟು. ಸೊಂಟದ ನರ ಒತ್ತಿ ಕಾಲಿಗೆ ಇಳಿಯುವ ನೋವು, ಸಯಾಟಿಕಾ, ಅಂದರೇನು ಅಂತ ನಮ್ಮ ಕಸುಬಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಗಲ್ಲಿಯಲ್ಲೇ ಶರ್ಟಿನೊಳಗೆ ಬೆಲ್ಟ್ ಕಟ್ಟಿಕೊಂಡು ವ್ಯಾಪಾರ ಮಾಡುವವರು ಐದಾರು ಜನ ಇದ್ದಾರೆ.

ನನ್ನದು ಎಲ್5-ಎಸ್1, ಅಂದರೆ ಬೆನ್ನುಮೂಳೆಯ ತೀರಾ ಕೆಳಗಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ), ಬಲಗಡೆ. ಪಿರ್ರೆಯಿಂದ ಮೀನಖಂಡಕ್ಕೆ ಸೆಳೆತ, ಅಲ್ಲಿಂದ ಕಿರುಬೆರಳಿನವರೆಗೆ ಜೋಮು. ಕೆಮ್ಮಿದರೆ ಕರೆಂಟ್ ಹೊಡೆದ ಹಾಗೆ. ಒಂದೂವರೆ ವರ್ಷ ಹೀಗೇ ಕಳೆದೆ. ಈಗ ಎರಡು ವರ್ಷದಿಂದ ಒಂದು ಮಾತ್ರೆ ನುಂಗಿಲ್ಲ, ಬೋರಲು ಮಲಗಿ ಮಾಡುವ ಒಂದು ವ್ಯಾಯಾಮದಿಂದ. "ಬೋರಲು ಮಲಗಿ ಎದೆ ಎತ್ತಿದ್ರೆ ಡಿಸ್ಕ್ ಸರಿ ಹೋಗುತ್ತಾ ಅಣ್ಣ?" ಅಂತ ನಕ್ಕವರೇ ಈಗ ಊಟದ ಹೊತ್ತಿಗೆ ಪಕ್ಕ ಬಂದು ಕೂರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ದುಡ್ಡು ಹೋದ ದಾರಿ. ಎಂಆರ್‌ಐಗೆ 6,500. ಮೂರು ಜನ ಮೂಳೆ ಡಾಕ್ಟರು, ಎಲ್ಲ ಸೇರಿ 4,000. ಮಾತ್ರೆ ತಿಂಗಳಿಗೆ ಸುಮಾರು 1,500, ಹನ್ನೊಂದು ತಿಂಗಳು. ನರದ ನೋವಿನ ಮಾತ್ರೆ ಪ್ರೆಗಾಬಾಲಿನ್ ನುಂಗಿದ ಮೊದಲ ವಾರ ಗಿರಾಕಿಗಳ ಎದುರಿಗೇ ತೂಕಡಿಸಿದೆ. ಒಬ್ಬ ಡಾಕ್ಟರು ಆಪರೇಷನ್ನಿಗೆ ಎರಡು ಲಕ್ಷದ ಹತ್ತಿರ ಹೇಳಿದರು. "ಅವಸರ ಇಲ್ಲ, ಆರು ತಿಂಗಳು ನೋಡೋಣ" ಅಂದವರು ಮತ್ತೊಬ್ಬರು. ಅವರ ಮಾತು ಕೇಳಿದ್ದು ಪುಣ್ಯ. ಆಮೇಲೆ ಒಂದು ಕಡೆ ಕರೆಂಟಿನ ಶಾಖ, ಬೆನ್ನು ಎಳೆಯುವ ಟ್ರಾಕ್ಷನ್, 20 ದಿನ, 8,000. ಇನ್ನೊಂದು ಕಡೆ ಸೊಂಟ ಕಟ್ಟಿ ಎಳೆಯುವ ಕಂಪ್ಯೂಟರ್ ಮೆಷಿನ್, ಪ್ಯಾಕೇಜು 32,000. ಬೆಲ್ಟು ಮೂರು. ಹಾಸಿಗೆ ಒಂದು, 17,000. ಆ ಹಾಸಿಗೆ ಮೇಲೆ ಈಗ ಮಗಳು ಮಲಗುತ್ತಾಳೆ, ನಾನು ಹಳೇ ಹತ್ತಿ ಹಾಸಿಗೆಗೇ ವಾಪಸ್ ಬಂದೆ.

ಎಣ್ಣೆಗೂ ಹೋದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವ ಕಟಿ ಬಸ್ತಿ, ಏಳು ದಿನ, 14,000. ಅದು ಹಿತವಾಗಿತ್ತು, ಸುಳ್ಳು ಹೇಳಬಾರದು. ಏಳು ರಾತ್ರಿ ನಿದ್ದೆ ಬಂತು. ಎಂಟನೇ ದಿನ ಗಾದಿ ಮೇಲೆ ಕೂತೆ, ಸಂಜೆಗೆ ಎಲ್ಲ ಮೊದಲಿನಂತೆ. ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಅನ್ನುತ್ತಾರೆ, ರಣಹದ್ದಿನ ಹಾಗೆ ನಡೆಯುತ್ತಾರೆ ಅಂತ. ಆ ಹೆಸರಿಟ್ಟವರಿಗೂ ಈ ನೋವು ಇದ್ದಿರಬೇಕು.

ನಮ್ಮ ಅತ್ತೆಯವರದು ಬೇರೆ ಮದ್ದು. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಂಡರೆ ಉಳುಕು ಬಿಡುತ್ತದೆ ಅಂತ ಮಾಗಡಿ ಕಡೆಯ ಹಳ್ಳಿಗೆ ಕರೆದುಕೊಂಡು ಹೋದರು. ಒಬ್ಬ ಅಜ್ಜಿ ಮೂರು ಸಲ ಮೆಲ್ಲಗೆ ಒದ್ದರು. ಎಲೆ ಅಡಿಕೆ, ತೆಂಗಿನಕಾಯಿ, 101 ರೂಪಾಯಿ. ಕಡಿಮೆ ಆಗಲಿಲ್ಲ, ಜಾಸ್ತಿಯೂ ಆಗಲಿಲ್ಲ. 32,000ದ ಮೆಷಿನ್ ಬಗ್ಗೆ ಅಷ್ಟು ಒಳ್ಳೆ ಮಾತು ಹೇಳುವ ಹಾಗಿಲ್ಲ, ಅದರಿಂದ ಇಳಿದು ಬಂದ ಎರಡು ದಿನ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು.

ಯೋಗದಲ್ಲಿ ತಪ್ಪು ನನ್ನದೇ. ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ, ಕಾಲು ಚಾಚಿ ಕೂತು ಮುಂದೆ ಬಗ್ಗುವ ಪಶ್ಚಿಮೋತ್ತಾನಾಸನ ಮಾಡಿದೆ. ಹೆಬ್ಬೆರಳು ಮುಟ್ಟಲೇಬೇಕು ಅಂತ ಹಟ. ಮುಟ್ಟಿದೆ. ಮುಟ್ಟಿದವನನ್ನು ಇಬ್ಬರು ಎತ್ತಿ ಆಟೋಗೆ ಹತ್ತಿಸಿದರು.

ಹೀಗೆ ಒಟ್ಟು ಒಂದು ಲಕ್ಷದ ಹತ್ತಿರ. ಕಮಿಷನ್ ತಪ್ಪಿದ ಲೆಕ್ಕ ಬೇರೆ.

ಬೋರಲು ಮಲಗಿ ಕೈ ಊರಿ ಎದೆ ಎತ್ತುವ ಉಪಾಯ ಮೊದಲು ಫೋನಿನಲ್ಲಿ ನೋಡಿದ್ದೆ. ಎರಡು ವಾರ ಮಾಡಿದೆ, ನೋವು ಕಾಲಿನಲ್ಲಿ ಇನ್ನೂ ಕೆಳಕ್ಕೆ ಹೋಯಿತು. ಬಿಟ್ಟೆ. ನಮ್ಮಲ್ಲಿ ಸೀರೆ ತೆಗೆದುಕೊಳ್ಳಲು ಬಂದಿದ್ದ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ನಾನು ಎದ್ದು ನಿಂತಿದ್ದನ್ನು ನೋಡಿ, "ಸಾರ್, ಆ ಕನ್ನಡಿ ಕಡೆ ಸ್ವಲ್ಪ ತಿರುಗಿ" ಅಂದರು. ಸೆರಗು ಹೇಗೆ ಕಾಣುತ್ತೆ ಅಂತ ಹೆಂಗಸರಿಗೆ ತೋರಿಸುವ ನಿಲುವುಗನ್ನಡಿ. 22 ವರ್ಷದಲ್ಲಿ ನನ್ನನ್ನು ನಾನು ಅದರಲ್ಲಿ ನೋಡಿಕೊಂಡಿರಲಿಲ್ಲ. ಭುಜ ಎಡಕ್ಕೆ, ಸೊಂಟ ಬಲಕ್ಕೆ. ಸರಿಯಾಗಿ ನೇತುಹಾಕದ ಸೀರೆಯ ಹಾಗೆ ನಿಂತಿದ್ದೆ.

ನನ್ನ ಎರಡು ವಾರದ ಎಡವಟ್ಟು ಇದೇ. ಸೊಂಟ ಪಕ್ಕಕ್ಕೆ ಜಾರಿರುವಾಗ ನೇರವಾಗಿ ಹಿಂದಕ್ಕೆ ಬಾಗಿದ್ದೆ. ಮೊದಲು ಪಕ್ಕದ ವಾಲು ತೆಗೆಯಬೇಕು. ಎಡಭುಜವನ್ನು ಗೋಡೆಗೆ ಆನಿಸಿ, ಕಾಲು ಗೋಡೆಯಿಂದ ಒಂದಡಿ ದೂರ ಇಟ್ಟು, ಬಲಗೈಯಿಂದ ಸೊಂಟವನ್ನು ಮೆಲ್ಲಗೆ ಗೋಡೆ ಕಡೆ ದೂಡುವುದು. ಹತ್ತು ಸಲ. ಆಮೇಲೆ ಬೋರಲು. ಮೇಡಂ ಹತ್ತಿರ ಮೂರು ಸಲ ಹೋದೆ, ಸಲಕ್ಕೆ 600. ಒಟ್ಟು 1,800 ರೂಪಾಯಿ.

ಮನೆಗೆ ಬಂದು ತೋರಿಸಿದೆ. ನಮ್ಮವಳು ಸೌಟು ಹಿಡಿದುಕೊಂಡೇ ನೋಡಿದಳು. "ರೀ, ಇದು ಭುಜಂಗಾಸನ ಅಲ್ವಾ? ಇದಕ್ಕೆ ದುಡ್ಡು ಕೊಟ್ರಾ?" ನೋಡಲು ಹಾಗೇ ಇದೆ, ಆದರೆ ಅಲ್ಲ. ಭುಜಂಗಾಸನದಲ್ಲಿ ಬೆನ್ನಿನ ಬಲದಿಂದ ಏಳುತ್ತೇವೆ. ಇಲ್ಲಿ ಕೆಲಸ ಪೂರ್ತಿ ಕೈಗಳದು. ಸೊಂಟ, ಪಿರ್ರೆ ಸಡಿಲ ಬಿಡಬೇಕು, ಒದ್ದೆ ಬಟ್ಟೆ ತಂತಿ ಮೇಲೆ ಬಿದ್ದ ಹಾಗೆ. ಮೇಲೆ ಹೋದಾಗ ಉಸಿರು ಪೂರ್ತಿ ಬಿಟ್ಟು ಹೊಟ್ಟೆಯನ್ನು ಇನ್ನೂ ಸ್ವಲ್ಪ ಇಳಿಯಲು ಬಿಡಬೇಕು. ಮೊದಲ ಮೂರು ದಿನ ನಾನು ಕೈ ಪೂರ್ತಿ ಚಾಚಲೇ ಇಲ್ಲ, ಮೊಣಕೈ ಊರಿ ಎರಡು ನಿಮಿಷ ಮಲಗಿದ್ದೆ ಅಷ್ಟೇ. ಆಮೇಲೆ ಕೈ ಚಾಚಿ ಹತ್ತು ಸಲ, ಎರಡು ಗಂಟೆಗೊಮ್ಮೆ. ಬೆಳಿಗ್ಗೆ ಒಂದು ಸಲ ಅರ್ಧ ಗಂಟೆ ಮಾಡಿ ದಿನವಿಡೀ ಬಗ್ಗಿ ಕೂತರೆ ಏನೂ ಪ್ರಯೋಜನ ಇಲ್ಲ.

ಇದನ್ನು ಕಂಡುಹಿಡಿದವರು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಝಿ, ಅದೂ ಆಕಸ್ಮಿಕವಾಗಿ. 1956ರಲ್ಲಿ ಅವರ ರೋಗಿಯೊಬ್ಬ ತಲೆ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ತಪ್ಪಾಗಿ ಬೋರಲು ಮಲಗಿಬಿಟ್ಟನಂತೆ. ಬಂದು ನೋಡಿದರೆ ಕಾಲುನೋವೇ ಇಲ್ಲ. ಮೇಡಂ ಈ ಕಥೆ ಹೇಳಿದಾಗ ಸುಮ್ನೆ ಧೈರ್ಯಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಅಂಗಡಿಯಲ್ಲಿ ಬೀರುವಿನ ಹಿಂದಿನ ಗಾದಿಯೇ ನನ್ನ ಜಾಗ. 11, 1, 3, 5, 7 ಗಂಟೆ. ಯಜಮಾನರು ಒಂದು ವಾರ ನೋಡಿ, "ಇದು ಅಂಗಡಿನೋ ಆಸ್ಪತ್ರೆನೋ?" ಅಂದರು. ಒಂದು ದಿನ ಗಿರಾಕಿಯೊಬ್ಬರು ಇಣುಕಿ ಬೆಚ್ಚಿಬಿದ್ದರು. "ಏನಿಲ್ಲಮ್ಮ, ಅಣ್ಣ ನಾಗರ ಸೇವೆ ಮಾಡ್ತಿದ್ದಾರೆ" ಅಂದ ಪಕ್ಕದ ಗಾದಿಯ ಹುಡುಗ.

ಐದನೇ ದಿನಕ್ಕೆ ಸೊಂಟ ಸಿಡಿಯುವಷ್ಟು ನೋವು. ಎಲ್ಲರೂ ಬಿಡು ಅಂದರು. ಬಾಮೈದ ಫೋನ್ ಮಾಡಿ ಬೈದ. ಆದರೆ ಗಮನಿಸಿದೆ, ಮೀನಖಂಡದಲ್ಲಿ ಏನೂ ಇಲ್ಲ. ಕಿರುಬೆರಳಿನ ಜೋಮು ಅರ್ಧಕ್ಕೆ ಬಂದಿದೆ. ಕಾಲಿನ ನೋವು ಮೇಲೆ ಹತ್ತಿ ಸೊಂಟದ ನಡುವೆ ಕೂತಿದೆ. ಮೇಡಂ ಮೊದಲೇ ಹೇಳಿದ್ದರು: ನೋವು ಪಾದದ ಕಡೆ ಹೋದರೆ ನಿಲ್ಲಿಸಿ, ಸೊಂಟದ ಕಡೆ ಮೇಲೆ ಹತ್ತಿದರೆ ಮುಂದುವರಿಸಿ, ಸೊಂಟ ಸ್ವಲ್ಪ ದಿನ ಜಾಸ್ತಿ ನೋವಾದರೂ ಪರವಾಗಿಲ್ಲ. ಇಷ್ಟು ದಿನ ನಾನು ನೋವು ಎಷ್ಟಿದೆ ಅಂತ ಮಾತ್ರ ನೋಡಿದ್ದೆ, ಎಲ್ಲಿದೆ ಅಂತ ನೋಡಿರಲಿಲ್ಲ. ಅಂದು ಸಂಜೆ ನಾನು ಅಂಗಡಿಗೆಲ್ಲ ಟೀ ಕೊಡಿಸಿದೆ. ಸೊಂಟ ಹಿಡಿದುಕೊಂಡು ನಗುತ್ತಿರುವವನನ್ನು ನೋಡಿ ಮಾತ್ರೆ ತಲೆಗೇರಿದೆ ಅಂದುಕೊಂಡರು. ಒಂಬತ್ತು, ಹತ್ತು ದಿನಕ್ಕೆ ಸೊಂಟವೂ ತಣ್ಣಗಾಯಿತು. ಪೂರ್ತಿ ಬಿಡಲು ಎರಡೂವರೆ ತಿಂಗಳು ಹಿಡಿಯಿತು. ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ಒಂದೊಂದಾಗಿ ಇಳಿಸಿದೆ.

ಬೆಳಿಗ್ಗೆ ಎದ್ದು ಒಂದು ಗಂಟೆ ಬಗ್ಗುವುದಿಲ್ಲ, ಇದೊಂದು ಕಟ್ಟುನಿಟ್ಟು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಎದ್ದ ಕೂಡಲೇ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ನಂಬಲಿಲ್ಲ, ಹಾಗಾಗಿ ಅಳೆದೆ. ಮಗಳ ಎತ್ತರ ಗುರುತು ಹಾಕುವ ಬಾಗಿಲ ಚೌಕಟ್ಟಿನಲ್ಲಿ ಬೆಳಿಗ್ಗೆ ಒಂದು ಗೆರೆ, ರಾತ್ರಿ ಒಂದು ಗೆರೆ, ನಾಲ್ಕು ದಿನ. ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ! ಅಂದಿನಿಂದ ಬೆಳಿಗ್ಗೆ ಬಕೆಟ್ ಎತ್ತುವ ಕೆಲಸ ನನ್ನದಲ್ಲ. ನಮ್ಮವಳಿಗೆ ಈ ವಿಜ್ಞಾನದ ಮೇಲೆ ಇನ್ನೂ ಅನುಮಾನ ಇದೆ.

ಗಾದಿ ಬಿಡುವ ಹಾಗಿಲ್ಲ, ಹೊಟ್ಟೆಪಾಡು. ಅದಕ್ಕೆ ಬಡಗಿ ಹತ್ತಿರ ಒಂದು ಓರೆ ಮಣೆ ಮಾಡಿಸಿದೆ, 450 ರೂಪಾಯಿ. ಅದರ ಮೇಲೆ ಕೂತರೆ ಸೊಂಟ ಮೊಣಕಾಲಿಗಿಂತ ಮೇಲಿರುತ್ತದೆ, ಬೆನ್ನು ಕುಸಿಯುವುದಿಲ್ಲ. ಎತ್ತರ ಎಷ್ಟು, ಓರೆ ಎಷ್ಟು ಅಂತ ಕೇಳಬೇಡಿ. ಎರಡು ಮಣೆ ಹಾಳಾದ ಮೇಲೆ ಸಿಕ್ಕಿದ ಅಳತೆ ಅದು. ಕೆಳಗಿನ ಖಾನೆಯಿಂದ ಸೀರೆ ತೆಗೆಯುವಾಗ ನಾನು ಮಾಡುವ ಇನ್ನೊಂದು ಉಪಾಯವೂ ಇದೆ, ಅದು ಕಣ್ಣಾರೆ ನೋಡಿಯೇ ಕಲಿಯಬೇಕು.

ಬೇರೆ ಪ್ರಯೋಗಗಳೂ ನಡೆದವು. ಪಾರಿಜಾತದ ಎಲೆ ಕಷಾಯ ಒಂದು ತಿಂಗಳು ಕುಡಿದೆ, ಕಹಿ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಲಾಲ್‌ಬಾಗಿನಲ್ಲಿ ಹಿಂದಕ್ಕೆ ನಡೆದು ನೋಡಿದೆ, ಒಬ್ಬ ಹಿರಿಯರಿಗೆ ಡಿಕ್ಕಿ ಹೊಡೆದ ಮೇಲೆ ನಿಲ್ಲಿಸಿದೆ. ಮುಂದಕ್ಕೆ ನಡೆಯುವುದು ಮಾತ್ರ ಉಳಿಯಿತು. ಹನುಮಂತನಗರದಿಂದ ನ್ಯಾಷನಲ್ ಕಾಲೇಜು ಮೆಟ್ರೋ ಸ್ಟೇಷನ್‌ವರೆಗೆ ನಡಿಗೆ, ಅಲ್ಲಿಂದ ಎರಡೇ ಸ್ಟಾಪ್, ಸೀಟಿದ್ದರೂ ನಿಂತುಕೊಂಡೇ ಚಿಕ್ಕಪೇಟೆ.

ಇದು ಎಲ್ಲರಿಗೂ ಅಲ್ಲ ಅನ್ನುವುದು ನಮ್ಮ ಮಾವನವರಿಂದ ಗೊತ್ತಾಯಿತು. ಅವರಿಗೆ 72. ನಡೆದರೆ ಕಾಲು ಸೆಳೆತ, ಬಗ್ಗಿ ಕೂತರೆ ಹಾಯ್. ನಾನು ದೊಡ್ಡ ಪಂಡಿತನ ಹಾಗೆ ಅವರನ್ನು ಬೋರಲು ಮಲಗಿಸಿದೆ. ಎರಡು ದಿನ ನಡೆಯಲಾಗಲಿಲ್ಲ. ಅವರದು ನರದ ದಾರಿಯೇ ಕಿರಿದಾಗಿರುವುದು, ಹಿಂದಕ್ಕೆ ಬಾಗಿದರೆ ಇನ್ನೂ ಕಿರಿದಾಗುತ್ತದಂತೆ. ಅವರಿಗೆ ಬೇಕಿದ್ದದ್ದು ಮುಂದಕ್ಕೆ ಬಾಗುವ ವ್ಯಾಯಾಮ. ಅತ್ತೆಯವರು ಆ ಅಜ್ಜಿಯ ಒದೆತವೇ ವಾಸಿ ಅಂದರು. ಇನ್ನೊಂದು ಮಾತು: ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆದರೆ ಅದೇ ದಿನ ಆಸ್ಪತ್ರೆಗೆ ಓಡಿ. ಅಲ್ಲಿ ನನ್ನ ಮಣೆ, ಗೋಡೆ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಕಳೆದ ಆಷಾಢದ ಸೇಲ್ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಮತ್ತೆ ಹಿಡಿದುಕೊಂಡಿತು. ತುಂಬಿದ ಸಿಲಿಂಡರ್ 30 ಕಿಲೋ ಹತ್ತಿರ ತೂಗುತ್ತದೆ, ಗೊತ್ತಿದ್ದೂ ಎತ್ತಿದೆ. ಮೊದಲಾಗಿದ್ದರೆ ಮೂರು ತಿಂಗಳು ಮಲಗುತ್ತಿದ್ದೆ. ಈ ಸಲ ಗೋಡೆ, ಬೋರಲು, ನಾಲ್ಕು ದಿನ, ಮುಗಿಯಿತು. ಐದನೇ ದಿನ ಗಾದಿ ಮೇಲಿದ್ದೆ.

ಬಗೆಹರಿಯದೆ ಉಳಿದಿರುವುದು ಸ್ಕೂಟರ್. ಮೈಸೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಬಲಪಿರ್ರೆ ಈಗಲೂ ಗೊಣಗುತ್ತದೆ. ಸೀಟಿಗೆ ಸ್ಪಂಜು ಹಾಕಿಸಿದೆ, ಶಾಕ್ ಅಬ್ಸಾರ್ಬರ್ ಬದಲಿಸಿದೆ, ಗಾಳಿ ಕಡಿಮೆ ಮಾಡಿ ನೋಡಿದೆ. ಯಾವುದೂ ಕೈಹಿಡಿಯಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದಕ್ಕೆ ದಾರಿ ಸಿಕ್ಕಿದ್ದರೆ ಹೇಳಿ, ಮಣೆಯ ಅಳತೆ ಕೊಡುತ್ತೇನೆ.